ತೇಲುಬುರುಡೆಯ ಸಿಹಿನೀರು

ಉಪ್ಪಾಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು ಬೆರಳನ್ನು ನಾಲಿಗೆಗೆ ಇಟ್ಟೆ.

ಉಪ್ಪಿರಲಿಲ್ಲ.

ಮತ್ತೊಮ್ಮೆ ಅದ್ದಿ ನೆಕ್ಕಿದೆ. ಕಡಲ ನೀರಿನ ಸುಳಿವೇ ಇಲ್ಲ. ಬದಲಿಗೆ ನಾಲಿಗೆಯ ಹಿಂಬದಿಯಲ್ಲಿ ಆಸ್ಪತ್ರೆಯ ವಾಸನೆಯಂಥ ಒಂದು ಕಹಿ ನಿಂತಿತು. ಆ ರುಚಿ ಅಬರ್‌ವೆನ್ ವಾಯುಪಡೆ ನೆಲೆಯಲ್ಲಿ ಪ್ರತಿಯೊಬ್ಬನಿಗೂ ಗೊತ್ತು. ಯುದ್ಧ ಶುರುವಾದಾಗಿನಿಂದ ನಮ್ಮ ಕುಡಿಯುವ ನೀರಿನ ತೊಟ್ಟಿಗೆ ಔಷಧಿ ಸುರಿದು ಸುರಿದು, ಇಲ್ಲಿ ಕುಡಿದದ್ದು ಚಹಾವೋ ಗಾಯ ತೊಳೆದ ನೀರೋ ಎಂದು ಗೊಣಗುವುದು ಎಲ್ಲರ ಅಭ್ಯಾಸವಾಗಿದೆ.

ನನ್ನ ಕೈಯಲ್ಲಿ ಆ ನೀರು ತುಂಬಿದ ಜಾಮ್ ಸೀಸೆಯಿತ್ತು. ಎದುರಿಗೆ ದಕ್ಕೆಯ ಇಳಿಜಾರಿನಲ್ಲಿ ಬಿದ್ದಿದ್ದದ್ದು ಹಾರುದೋಣಿಯ ಎಡಗಡೆಯ ತೇಲುಬುರುಡೆ. ಮಂಗಳವಾರದ ಬಿರುಗಾಳಿಯಲ್ಲಿ ಆ ಹಾರುದೋಣಿ ಕಟ್ಟಿದ ಜಾಗದಲ್ಲೇ ಮಗುಚಿಕೊಂಡು, ಒಳಗೆ ಕಾವಲಿಗಿದ್ದ ಮರ್ವಿನ್ ಸತ್ತಿದ್ದ.

ಹಾರುದೋಣಿ ಎಂಬ ಈ ವಿಮಾನ ನೀರಿನ ಮೇಲೆ ಹೊಟ್ಟೆಯೂರಿ ಕೂರುತ್ತದೆ. ಅದು ಅತ್ತಿತ್ತ ವಾಲದಂತೆ ತಡೆಯುವುದು ಎರಡೂ ರೆಕ್ಕೆಗಳ ಕೆಳಗಿರುವ ಈ ತಗಡಿನ ಬುರುಡೆಗಳು, ಈಜು ಕಲಿಯುವವರ ಸೊಂಟದ ಸೋರೆಬುರುಡೆಯ ಹಾಗೆ. ಒಂದರೊಳಗೆ ನೀರು ತುಂಬಿದರೆ ಆ ಕಡೆಯ ರೆಕ್ಕೆ ಮುಳುಗುತ್ತದೆ, ಗಾಳಿ ಜೋರಾಗಿದ್ದರೆ ದೋಣಿ ಪೂರ್ತಿ ತಿರುಗಿಕೊಳ್ಳುತ್ತದೆ.

ಈ ಬುರುಡೆಯನ್ನು ನೋಡಿಕೊಳ್ಳುವ ಹೊಣೆ ಇಡ್ವಾಲ್‌ನದು. ಅವನು ದೋಣಿಯ ತಗಡುಕೆಲಸದವನು, ದೋಣಿ ಹಾರಿದಾಗ ಜೊತೆಗೆ ಹಾರುವವನೂ ಹೌದು. ಬುರುಡೆಗೆ ಒಸರಿದ ಕಡಲ ನೀರನ್ನು ಅವನು ತೆಗೆದಿಲ್ಲ, ಮುಚ್ಚಳ ಸಡಿಲಾಗದಂತೆ ಅದಕ್ಕೆ ಬಿಗಿತಂತಿಯನ್ನೂ ಕಟ್ಟಿಲ್ಲ ಎಂಬುದು ಆಪಾದನೆ. ಅದಷ್ಟೇ ಆಗಿದ್ದರೆ ಅಲಕ್ಷ್ಯ ಎನ್ನಬಹುದಿತ್ತು. ಆದರೆ ಮಂಗಳವಾರದ ಕಾವಲು ಇಡ್ವಾಲ್‌ನದೇ ಆಗಿತ್ತು. ಕೊನೆಯ ಗಳಿಗೆಯಲ್ಲಿ ಅದನ್ನು ಮರ್ವಿನ್‌ಗೆ ದಾಟಿಸಿ ಊರೊಳಗೆ ಹೋಗಿದ್ದ. ಎಲ್ಲಿಗೆ ಎಂದರೆ ಬಾಯಿ ಬಿಡುತ್ತಿರಲಿಲ್ಲ. ಹೀಗಾಗಿ ಅದು ಕೊಲೆಯಾಗಿತ್ತು, ಕೊಲೆಗೆ ನೇಣು.

ಸುಳ್ಳೇಕೆ ಹೇಳಲಿ, ಈ ವಿಚಾರಣೆ ನನ್ನ ಪಾಲಿಗೆ ಬಂದಾಗ ನನಗೆ ಹಬ್ಬವಾಗಿತ್ತು.

ನೆಸ್ಟಾ ನನ್ನ ಬೀದಿಯ ಹುಡುಗಿ. ಪ್ರಾರ್ಥನಾ ಮಂದಿರದ ಹಾಡುವ ಗುಂಪಿನಲ್ಲಿ ನನ್ನ ಮುಂದಿನ ಸಾಲಿನಲ್ಲೇ ನಿಲ್ಲುತ್ತಿದ್ದಳು. ಅವಳ ಜಡೆ ನೋಡಿಕೊಂಡೇ ನಾನು ಕೀರ್ತನೆ ಕಲಿತದ್ದು. ಇವಳು ಗೆಥಿನ್‌ನ, ಅಂದರೆ ನನ್ನ, ಹೆಂಡತಿಯಾಗುವವಳು ಎಂದು ಊರೇ ಅಂದುಕೊಂಡಿತ್ತು. ಆಮೇಲೆ ಯುದ್ಧ ಬಂತು. ಕುಂಟುಗಾಲಿನ ನನಗೆ ವಾಯುಪಡೆಯವರು ಪೊಲೀಸ್ ತೋಳಪಟ್ಟಿ ಕಟ್ಟಿ ಗೇಟಿನಲ್ಲಿ ನಿಲ್ಲಿಸಿದರು. ಉತ್ತರದ ಕಲ್ಲುಗಣಿ ಊರಿನಿಂದ ಇಡ್ವಾಲ್ ಬಂದ, ಹಾರುದೋಣಿಯ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು ಅಟ್ಲಾಂಟಿಕ್ ಕಥೆ ಹೇಳಿದ. ನೆಸ್ಟಾ ಅವನವಳಾದಳು. ಅಂದಿನಿಂದ ನನ್ನ ಹೊಟ್ಟೆಯೊಳಗೆ ಹೊತ್ತಿದ ಕಿಚ್ಚು ಒಂದು ದಿನವೂ ಆರಿಲ್ಲ.

ಆ ಬೆಳಿಗ್ಗೆ ಸೆರೆಕೋಣೆಯಲ್ಲಿ ಅವನನ್ನು ಕಂಡಾಗ ನಾನು ಅದೇ ಹಳೆಯ ಪ್ರಶ್ನೆಗಳನ್ನು ಕೇಳಿದ್ದೆ. ಅವನು ಅವಕ್ಕೆ ಉತ್ತರಿಸದೆ ಒಂದೇ ಮಾತು ಕೇಳಿದ.

"ಬುರುಡೆ ಒಳಗಿನ ನೀರನ್ನ ಯಾರಾದ್ರೂ ನಾಲಿಗೆಗೆ ಇಟ್ಟು ನೋಡಿದ್ರಾ, ಗೆಥಿನ್?"

ಇಲ್ಲ, ಯಾರೂ ನೋಡಿರಲಿಲ್ಲ. ಕಾವಲಿನವರಿಗೆ ಅದು ಉಸಿರಾಟದಷ್ಟು ಸಹಜ. ದೋಣಿಯ ತಳದಲ್ಲಿ ನೀರು ಕಂಡರೆ ಮೊದಲು ನಾಲಿಗೆಗೆ ಇಡುತ್ತಾರೆ. ಉಪ್ಪಾದರೆ ಹೊಟ್ಟೆ ಒಡೆದಿದೆ ಎಂದು ಅರ್ಥ, ಕೂಡಲೇ ಸಹಾಯಕ್ಕೆ ಕೂಗಬೇಕು. ಸಿಹಿಯಾದರೆ ಮಳೆಯದೋ ಅಡುಗೆಮನೆಯದೋ ಎಂದು ತಿಳಿದು ಮತ್ತೆ ಮಲಗಬಹುದು. ಆದರೆ ವಿಚಾರಣೆಗೆ ಕೂತವರೆಲ್ಲ ದಡದ ಮೇಲಿನವರು. ಕಡಲಲ್ಲಿ ಮುಳುಗಿದ ಬುರುಡೆಯಲ್ಲಿ ಕಡಲ ನೀರಲ್ಲದೆ ಇನ್ನೇನಿರುತ್ತದೆ ಎಂದು ಅದನ್ನು ಹಾಗೇ ಬಿಟ್ಟಿದ್ದರು.

ನಾನು ನೋಡಲು ಹೋದದ್ದು ಅವನನ್ನು ಉಳಿಸಲಿಕ್ಕಲ್ಲ. ಉಪ್ಪು ಎಂದು ಬರೆದು ಅವನ ಕೊನೆಯ ಬಾಗಿಲನ್ನೂ ಮುಚ್ಚಲಿಕ್ಕೆ ಹೋದೆ.

ಇಳಿಜಾರಿನ ಕೆಲಸದವರೆಲ್ಲ ಊಟಕ್ಕೆ ಹೋಗಿದ್ದರು. ಬುರುಡೆ ಹೊರಳಿ ಬಿದ್ದು ಅದರ ಮೇಲುಮುಚ್ಚಳ ಕಲ್ಲಿಗೆ ಒತ್ತಿಕೊಂಡಿದ್ದರಿಂದ ಕೈಗೆ ಸಿಕ್ಕಿದ್ದು ತಳದ ಬಿರಡೆ. ಕೆಲಸ ಬಲ್ಲವನು ಅದನ್ನು ಮುಟ್ಟುತ್ತಿರಲಿಲ್ಲ. ನಾನು ಸ್ಪ್ಯಾನರ್ ಹಾಕಿ ತಿರುಗಿಸಿಯೇಬಿಟ್ಟೆ. ಬಿರಡೆ ಎಗರಿ ಹೋಯಿತು. ನೀರು ನುಗ್ಗಿ ನನ್ನ ಬೂಟು ತುಂಬಿಸಿ, ಇಳಿಜಾರಿನಲ್ಲಿ ಹರಿದು ಕೊಲ್ಲಿಗೆ ಸೇರಿತು. ನನಗೆ ದಕ್ಕಿದ್ದು ಈ ಒಂದು ಸೀಸೆ.

ಸಿಹಿನೀರು, ಅದೂ ತೊಟ್ಟಿಯ ನೀರು. ಮಳೆಗೆ ಔಷಧಿಯ ರುಚಿ ಇರುವುದಿಲ್ಲ. ಯಾರೋ ಮುಚ್ಚಳದ ತಂತಿ ಕತ್ತರಿಸಿ, ಕುಡಿಯುವ ನೀರನ್ನು ಬುರುಡೆಗೆ ತುಂಬಿ, ಮುಚ್ಚಳವನ್ನು ಮತ್ತೆ ಬಿಗಿಯಾಗಿ ತಿರುಗಿಸಿ ಹೋಗಿದ್ದರು. ಹಾಗಾದರೆ ಇಡ್ವಾಲ್ ತಪ್ಪಿತಸ್ಥನಲ್ಲ.

ಕೊಲ್ಲಿಯಲ್ಲಿ ಕಟ್ಟಿದ ಹಾರುದೋಣಿಗಳಿಗೆ ಕುಡಿಯುವ ನೀರು ಒಯ್ಯುವುದು ಒಂದೇ ದೋಣಿ. ಅದಕ್ಕೆ ಕೈಪಂಪು ಇದೆ, ರೆಕ್ಕೆಯ ತುದಿಯವರೆಗೂ ಮುಟ್ಟುವ ಕೊಳವೆ ಇದೆ. ನಮ್ಮಲ್ಲಿ ಜನರನ್ನು ಕಸುಬಿನಿಂದಲೇ ಕರೆಯುವುದು ರೂಢಿ. ಹಾಲಿನ ಪ್ರೈಸ್, ಹೆಣದಪೆಟ್ಟಿಗೆ ಮಾರ್ಗನ್. ಆ ದೋಣಿ ನಡೆಸುವವಳಿಗೂ ಹಾಗೇ ಹೆಸರು ಬಿದ್ದಿದೆ.

ನೀರಿನ ನೆಸ್ಟಾ.

ಸೀಸೆಯನ್ನು ಸ್ಕ್ವಾಡ್ರನ್ ಲೀಡರ್ ಪೆಲ್ಹಮ್ ಅವರ ಮೇಜಿಗೆ ಒಯ್ಯಬೇಕಿತ್ತು. ವಿಚಾರಣೆಯ ಮುಖ್ಯಸ್ಥರು ಅವರು. ನನ್ನ ಕಾಲುಗಳು ನೀರುದೋಣಿಯ ಕಟ್ಟೆಯ ಕಡೆಗೆ ಹೋದವು.

ಕೊಲ್ಲಿಯ ಮಧ್ಯದಲ್ಲಿ ಒಂದು ಹಾರುದೋಣಿ ಏಳಲು ಓಡುತ್ತಿತ್ತು. ಶಾಂತಿಕಾಲದಲ್ಲಿ ಇವುಗಳ ಅಣ್ಣತಮ್ಮಂದಿರು ಟಪಾಲನ್ನೂ ಸಿರಿವಂತರನ್ನೂ ಹೊತ್ತು ದೇಶದೇಶ ಸುತ್ತುತ್ತಿದ್ದವು. ಸೋಫಾ ಇದ್ದ ಜಾಗದಲ್ಲಿ ಈಗ ಜಲಾಂತರ್ಗಾಮಿಗಳ ತಲೆಗೆ ಹಾಕುವ ಬಾಂಬುಗಳಿವೆ. ಮೂತಿಗೆ, ಬೆನ್ನಿಗೆ, ಬಾಲಕ್ಕೆ ಬಂದೂಕುಗಳನ್ನು ಸಿಗಿಸಿದ್ದಾರೆ, ಜರ್ಮನರು ಮುಳ್ಳುಹಂದಿ ಎನ್ನುತ್ತಾರಂತೆ. ಆದರೂ ಒಲೆಯೂ ಮಂಚಗಳೂ ಹಾಗೇ ಉಳಿದಿವೆ. ಕಾವಲಿನವರು ಅಲ್ಲೇ ಬೇಯಿಸಿಕೊಂಡು, ಬಟ್ಟೆ ಒಣಗಿಸಿಕೊಂಡು ಸಂಸಾರಸ್ಥರ ಹಾಗೆ ಇರುತ್ತಾರೆ. ಆ ಯಂತ್ರ ನೊರೆ ಬಿಟ್ಟು ಮೇಲೆದ್ದಾಗ, ಎಂದಿನಂತೆ, ಅದರೊಳಗಿದ್ದ ಪ್ರತಿಯೊಬ್ಬನ ಮೇಲೂ ನನಗೆ ಹೊಟ್ಟೆ ಉರಿಯಿತು.

ನೆಸ್ಟಾ ಕೊಳವೆ ಸುತ್ತಿಡುತ್ತಿದ್ದಳು. ತೋಳು ಮಡಚಿದ ನೀಲಿ ಸ್ವೆಟರ್, ಕಡಲಗಾಳಿಗೆ ಒಡೆದ ಕೈಗಳು. ನನ್ನನ್ನು ಕಂಡು ನಕ್ಕಳು.

"ಏನೋ ಅದು ಸೀಸೆ? ರೇಷನ್ನಿನ ಜಾಮ್ ಉಳಿಸಿ ನಂಗೆ ತಂದ್ಯಾ?"

"ಬುರುಡೆ ನೀರು."

ನಗು ಹೋಗಲಿಲ್ಲ, ಆದರೆ ಕೈ ನಿಂತಿತು.

"ರುಚಿ ನೋಡ್ದೆ," ಎಂದೆ. "ಸಿಹಿಯಾಗಿದೆ."

"ನಾನು ಆ ದೋಣಿಯ ಎಡಗಡೆಗೆ ಹೋಗೇ ಇಲ್ಲ."

ಹೋಗಿದ್ದೆಯಾ ಎಂದು ನಾನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳಿಗೂ ಅದು ಹೊಳೆದಿರಬೇಕು. ಕೊಳವೆಯನ್ನು ಕೆಳಗಿಟ್ಟು ದೋಣಿಯ ಅಂಚಿನಲ್ಲಿ ಕೂತಳು. ನನಗೂ ಕೂರಲು ಜಾಗ ಬಿಟ್ಟಳು, ಮೂರು ವರ್ಷದಲ್ಲಿ ಮೊದಲ ಸಲ.

ಅವಳು ಬಡಬಡನೆ ಎಲ್ಲ ಹೇಳಿದಳು, ಒಳಗೇ ಇಟ್ಟುಕೊಂಡು ಬೇಯುತ್ತಿದ್ದವಳ ಹಾಗೆ. ಮಂಗಳವಾರ ಮಧ್ಯಾಹ್ನ ನೀರು ತುಂಬಲು ಆ ಹಾರುದೋಣಿಗೆ ಹೋಗಿದ್ದಳು. ಕಾವಲು ಇಡ್ವಾಲ್‌ನದೆಂದು ಅವಳಿಗೆ ಗೊತ್ತಿತ್ತು. ಅದಲುಬದಲಾದದ್ದು ಗೊತ್ತಿರಲಿಲ್ಲ. ಬಾಗಿಲಲ್ಲಿ ಇಣುಕಿದಾಗ ಮಂಚದ ಮೇಲೆ ಒಬ್ಬ ತಲೆತುಂಬ ಕಂಬಳಿ ಹೊದ್ದು ಮಲಗಿದ್ದ. ಒಲೆಯ ಮೇಲೆ ಒಂದು ಹೆಂಗಸಿನ ಕೆಂಪು ಸ್ಕಾರ್ಫ್ ಒಣಹಾಕಿತ್ತು.

"ಬೇಕರಿ ಗ್ಲೆನಿಸ್‌ದು," ಎಂದಳು. "ಅವಳು ಅದನ್ನ ತಲೆಗೆ ಕಟ್ಕೊಂಡು ಅವನ ಮುಂದೆ ಕುಣೀತಿದ್ದದ್ದು ಊರಿಗೇ ಗೊತ್ತು. ಒಳಗೆಲ್ಲೋ ಅಡಗಿದಾಳೆ ಅಂದ್ಕೊಂಡೆ. ಹೊಟ್ಟೆಗೆ ಕೆಂಡ ಸುರಿದ ಹಂಗಾಯ್ತು ಗೆಥಿನ್. ಕೂಗಾಡಿದ್ರೆ ಅವಳೆದುರು ನನ್ನ ಮರ್ಯಾದೆ ತಾನೆ ಹೋಗೋದು?"

ಹಾರುದೋಣಿ ವಾಲಿದರೆ ದಡದಿಂದ ಎಲ್ಲರೂ ಓಡಿ ಬರುತ್ತಾರೆ, ಇಬ್ಬರೂ ಒಟ್ಟಿಗೆ ಸಿಕ್ಕಿ ಬೀಳುತ್ತಾರೆ, ಊರೆಲ್ಲ ಉಗಿಯುತ್ತದೆ ಎಂಬುದು ಅವಳ ಲೆಕ್ಕ. ರೆಕ್ಕೆಯ ಕೆಳಗೆ ತನ್ನ ದೋಣಿ ತಂದು ಪಂಪು ಹೊಡೆದಳು. ನೀರುದೋಣಿ ಹಾರುದೋಣಿಯ ಪಕ್ಕದಲ್ಲಿ ನಿಂತಿರುವುದನ್ನು ದಿನಾ ನೋಡುವ ಜನ ಯಾಕೆ ಎಂದು ಕೇಳಲಿಲ್ಲ. ವಾಲಿದ್ದನ್ನು ದಡದವರು ಕಾಣುವ ಮೊದಲೇ, ಸಂಜೆಗೆ, ಅಂಥ ಗಾಳಿ ಏಳುತ್ತದೆಂದು ಅವಳಿಗೆ ತಿಳಿದಿರಲಿಲ್ಲ.

"ಮರ್ವಿನ್ ಸಾಯ್ಲಿ ಅಂತ ನಾನು ಅಂದ್ಕೊಂಡಿರ್ಲಿಲ್ಲ," ಎಂದಳು. ಅದನ್ನು ನಾನು ನಂಬಿದೆ.

ಹಾಗಾದರೆ ಇಡ್ವಾಲ್ ಸೆರೆಗೆ ಬಿದ್ದ ಮೇಲೂ ನೀನು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಅವಳು ನೀರಿನತ್ತ ನೋಡಿದಳು. ಕಾವಲು ಬಿಟ್ಟು ಅವನು ಹೋದದ್ದೂ ಆ ಗ್ಲೆನಿಸ್ ಜೊತೆಗೇ ಇರಬೇಕು, ಇಲ್ಲದಿದ್ದರೆ ಎಲ್ಲಿಗೆ ಹೋಗಿದ್ದೆ ಎಂದು ಹೇಳುತ್ತಿರಲಿಲ್ಲವೇ ಎಂದಳು. ಇನ್ನೊಬ್ಬಳ ಕೈಗೆ ಸಿಗುವುದಕ್ಕಿಂತ ಹಗ್ಗಕ್ಕೆ ಸಿಗಲಿ ಎಂದಳು. ತೀರಾ ಮೆಲ್ಲಗೆ ಹೇಳಿದಳು.

"ಈ ನೀರಿನ ವಿಷಯ ಯಾರ್ಯಾರಿಗೆ ಗೊತ್ತು?" ಎಂದು ಕೇಳಿದಳು.

"ನಂಗೊಬ್ಬನಿಗೇ," ಎಂದೆ.

"ಬುರುಡೇಲಿ ಇನ್ನೂ ಇದ್ಯಾ?"

ಎಲ್ಲ ಹರಿದು ಹೋಯಿತು ಎಂದೆ. ನನ್ನ ಒದ್ದೆ ಬೂಟು ನೋಡಿ ಅವಳಿಗೆ ಅಷ್ಟರಲ್ಲೂ ನಗು ಬಂತು. ಆಮೇಲೆ ಸೀಸೆಗೆ ಕೈ ಚಾಚಿದಳು, ನೋಡಲಿಕ್ಕೆ ಎನ್ನುವ ಹಾಗೆ. ಕೊಟ್ಟೆ. ಯಾಕೆ ಕೊಟ್ಟೆ ಎಂದು ಯಾರಾದರೂ ಕೇಳಿದರೆ, ಅವಳು ಕೇಳಿದಳು, ಅದಕ್ಕೆ ಕೊಟ್ಟೆ ಎಂದಷ್ಟೇ ಹೇಳಬಲ್ಲೆ.

ಅವಳು ಸೀಸೆಯನ್ನು ಬಾಯಿಗಿಟ್ಟು ಗಟಗಟನೆ ಕುಡಿದಳು. ಕಣ್ಣನ್ನು ನನ್ನ ಮೇಲಿಂದ ತೆಗೆಯಲಿಲ್ಲ. ಕೊನೆಯ ಹನಿಯೂ ಮುಗಿದ ಮೇಲೆ ಸ್ವೆಟರಿನ ತೋಳಿನಿಂದ ಬಾಯಿ ಒರೆಸಿಕೊಂಡು ಖಾಲಿ ಸೀಸೆಯನ್ನು ನನ್ನ ಮಡಿಲಿಗೆ ಹಾಕಿದಳು.

"ಇನ್ನು ಉಳಿದಿರೋದು ನಿನ್ನ ನಾಲಿಗೆ ಒಂದೇ," ಎಂದಳು. "ಅದು ಸುಮ್ಮನಿರುತ್ತೆ. ಅವನನ್ನ ನೋಡ್ದಾಗೆಲ್ಲ ನಿನ್ನ ಮುಖ ಹೆಂಗಾಗುತ್ತೆ ಅಂತ ನಾನು ಕಂಡಿಲ್ವಾ?"

ನನಗೆ ಮೊದಲು ಬಂದದ್ದು ಕೋಪವಲ್ಲ, ನೆಮ್ಮದಿ. ಪುರಾವೆ ಹೋಯಿತು. ಇಡ್ವಾಲ್ ಹೋಗುತ್ತಾನೆ. ನೆಸ್ಟಾ ಉಳಿಯುತ್ತಾಳೆ, ನನ್ನ ಪಕ್ಕದಲ್ಲಿ, ನನಗೆ ಮಾತ್ರ ಗೊತ್ತಿರುವ ಗುಟ್ಟಿನೊಂದಿಗೆ. ಇದಕ್ಕಿಂತ ಗಟ್ಟಿಯಾದ ಮದುವೆ ಯಾವ ಪಾದ್ರಿ ತಾನೆ ಮಾಡಿಸಬಲ್ಲ ಎಂದು ಕೂಡ ಯೋಚಿಸಿದೆ.

ಆದರೆ ಅವಳು ಅಳುತ್ತಿದ್ದಳು. ಸದ್ದಿಲ್ಲದೆ, ಕೊಲ್ಲಿಯ ಆಚೆಯ ಸೆರೆಕೋಣೆಯ ಕಟ್ಟಡವನ್ನೇ ನೋಡುತ್ತ. ಅವನನ್ನು ನೇಣಿಗೆ ಕೊಡುವಷ್ಟು ಅವಳು ಅವನನ್ನು ಬಯಸಿದ್ದಳು. ನನ್ನ ಮೇಲೆ ಅವಳಿಗೆ ಒಂದು ಚೂರು ಸಿಟ್ಟೂ ಬಂದದ್ದಿಲ್ಲ. ಅದನ್ನು ನನಗೆ ತಡೆಯಲಾಗಲಿಲ್ಲ. ಅವಳಿಗೆ ನೋವಾಗಲಿ ಎಂದೇ ನಿಜ ಹೇಳಿದೆ.

"ಆ ಸ್ಕಾರ್ಫ್ ಗ್ಲೆನಿಸ್‌ದಲ್ಲ."

ತಿರುಗಿದಳು.

"ಮರ್ವಿನ್ ತಾಯೀದು. ಹೆಣ ನೋಡೋಕೆ ಬಂದಾಗ ನನ್ನೆದುರೇ ಗುರುತು ಹಿಡಿದ್ಳು. ಕಿವಿನೋವು ಅಂತಿದ್ನಂತೆ, ಅವಳೇ ಕಟ್ಟಿ ಕಳಿಸಿದ್ಳಂತೆ. ಮಳೇಲಿ ನೆಂದಿತ್ತು, ಒಣಹಾಕಿದ್ದ."

ನೆಸ್ಟಾಳ ಮುಖದ ಬಣ್ಣ ಇಳಿದುಹೋಯಿತು. ನನ್ನ ಬಳಿ ಇನ್ನೊಂದು ಮಾತೂ ಇತ್ತು. ಮಂಗಳವಾರ ಇಡ್ವಾಲ್ ಹೋದದ್ದು ಪಾದ್ರಿಯ ಮನೆಗೆ, ಮದುವೆಗೆ ದಿನ ಕೇಳಲು. ತಾನೇ ನೆಸ್ಟಾಗೆ ಹೇಳುವವರೆಗೆ ಯಾರಿಗೂ ಹೇಳಬೇಡಿ ಎಂದು ಅವರಿಂದ ಮಾತು ತೆಗೆದುಕೊಂಡಿದ್ದ. ಪಾದ್ರಿ ಅದನ್ನು ನಿನ್ನೆ ತಡೆಯಲಾರದೆ ನನ್ನ ಕಿವಿಗೆ ಹಾಕಿದ್ದರು. ಅದನ್ನು ನಾನು ವರದಿಯಲ್ಲಿ ಬರೆದಿರಲಿಲ್ಲ. ಈಗ ನೆಸ್ಟಾಗೂ ಹೇಳಲಿಲ್ಲ. ಅದೊಂದನ್ನು ಅವಳಿಗೆ ಕೊಡಲು ನನ್ನ ಕೈ ಬರಲಿಲ್ಲ.

ಅಷ್ಟರಲ್ಲಿ ಮೋಟಾರ್ ದೋಣಿಯೊಂದು ಬಂದು ಕಟ್ಟೆಗೆ ತಾಗಿತು. ಪೆಲ್ಹಮ್ ಇಳಿದರು. ಇಂಗ್ಲೆಂಡಿನ ದೊಡ್ಡ ಮನೆತನದವರು, ಸತ್ತವನ ಸುದ್ದಿಯನ್ನೂ ಹವಾಮಾನದಂತೆ ಹೇಳುವವರು. ನನ್ನನ್ನು ಎಲ್ಲೆಲ್ಲೋ ಹುಡುಕಿಸಿದರಂತೆ.

"ಕೆಲಸ ಮುಗೀತು ಸಾರ್ಜೆಂಟ್," ಎಂದರು. "ನೀವು ಹೋದ ಮೇಲೆ ನಿಮ್ಮ ಇಡ್ವಾಲ್ ತುಂಬಾ ಹೊತ್ತು ಗೋಡೆ ನೋಡ್ತಾ ಕೂತಿದ್ದನಂತೆ. ಆಮೇಲೆ ನನ್ನ ಕರೆಸಿ ಎಲ್ಲಾ ಒಪ್ಕೊಂಡ. ಮರ್ವಿನ್ ಮೇಲೆ ಹೊಟ್ಟೆಕಿಚ್ಚಿತ್ತಂತೆ. ಬೇಕಂತಲೇ ಬುರುಡೆ ನೀರು ತೆಗೀದೆ ಬಿಟ್ಟನಂತೆ. ಉಪ್ಪು ತಿಂದವನು ನೀರು ಕುಡೀಲೇಬೇಕು."

ನೆಸ್ಟಾಳ ಬೆರಳುಗಳು ದೋಣಿಯ ಅಂಚನ್ನು ಹಿಡಿದುಕೊಂಡವು.

ನನಗೆ ಅರ್ಥವಾಯಿತು. ರುಚಿ ನೋಡು ಎಂದು ನನ್ನನ್ನು ಕಳಿಸಿದ ಮೇಲೆ, ಸಿಹಿಯಾಗಿದ್ದರೆ ಅದು ಯಾರ ಕೈಯ ನೀರು ಎಂಬ ಯೋಚನೆ ಅವನಿಗೂ ಬಂದಿದೆ. ನಾನು ಹಿಂದಿರುಗುವ ಮೊದಲೇ ಅವನು ತನ್ನ ಕುತ್ತಿಗೆಯನ್ನು ಮುಂದೆ ಇಟ್ಟಿದ್ದಾನೆ. ನಾನು ಅವಳಿಗಾಗಿ ಒಂದು ಸೀಸೆ ನೀರು ಕೊಟ್ಟು ದೊಡ್ಡ ತ್ಯಾಗ ಮಾಡಿದೆ ಎಂದುಕೊಂಡಿದ್ದೆ. ಇದರಲ್ಲೂ ಅವನೇ ಗೆದ್ದ. ಅವನನ್ನು ನಾನು ಆ ಕ್ಷಣ ದ್ವೇಷಿಸಿದಷ್ಟು ಹಿಂದೆಂದೂ ದ್ವೇಷಿಸಿರಲಿಲ್ಲ.

ನೆಸ್ಟಾ ಎದ್ದು ನಿಂತಳು.

"ಅವನು ಸುಳ್ಳು ಹೇಳ್ತಿದಾನೆ ಸಾರ್. ಬುರುಡೆಗೆ ನೀರು ತುಂಬಿದ್ದು ನಾನು. ಈ ದೋಣಿಯಿಂದ, ಈ ಪಂಪಿಂದ."

ಪೆಲ್ಹಮ್ ಟೋಪಿ ತೆಗೆದರು. ಅವರ ದನಿಯಲ್ಲಿ ಕನಿಕರವಿತ್ತು.

"ನೀನು ಅವನನ್ನ ಮದುವೆಯಾಗೋ ಹುಡುಗಿ ಅಲ್ವೇನಮ್ಮ? ಗಂಡಸನ್ನ ಉಳಿಸೋಕೆ ಹೆಣ್ಣುಮಕ್ಕಳು ಹೀಗೆ ಹೇಳಿದ್ದು ನಾನು ಬೇಕಾದಷ್ಟು ನೋಡಿದೀನಿ. ಬರೀ ಮಾತಿಗೆ ಒಪ್ಕೊಂಡ ಕೈದೀನ ಬಿಡೋಕಾಗಲ್ಲ."

"ಅದು ಸಿಹಿನೀರು ಸಾರ್. ತೊಟ್ಟಿ ನೀರು. ಗೆಥಿನ್ ರುಚಿ ನೋಡಿದಾನೆ."

"ಆ ನೀರು ಎಲ್ಲಿ?"

ಅವಳು ನನ್ನ ಮಡಿಲಲ್ಲಿದ್ದ ಸೀಸೆಯನ್ನು ನೋಡಿದಳು. ಅದನ್ನು ತಾನೇ ಖಾಲಿ ಮಾಡಿದ್ದು ನೆನಪಾಗಿ ಅವಳ ಕೈ ತಾನಾಗಿ ಗಂಟಲಿಗೆ ಹೋಯಿತು.

"ಹೇಳು ಗೆಥಿನ್," ಎಂದಳು. ನನ್ನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಆ ಕೈಗಳಿಗಾಗಿ ನಾನು ಎಷ್ಟು ಹಂಬಲಿಸಿದ್ದೆನೋ, ಅವು ಬಂದದ್ದು ಅವನಿಗಾಗಿ. "ನಿನ್ನ ಕಾಲಿಗೆ ಬೀಳ್ತೀನಿ, ಹೇಳು."

ಪೆಲ್ಹಮ್ ನನ್ನತ್ತ ತಿರುಗಿದರು. ಈ ಕುಂಟು ಸಾರ್ಜೆಂಟಿಗೂ ಇಡ್ವಾಲ್‌ಗೂ ಆಗಿಬರುವುದಿಲ್ಲ ಎಂದು ನೆಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಅವನ ಪರವಾಗಿ ನಾನು ಒಂದು ಮಾತಾಡಿದರೆ ಅದನ್ನು ಎಲ್ಲರೂ ನಂಬುತ್ತಿದ್ದರು.

"ನಿಮ್ಮ ನಾಲಿಗೆ ಏನು ಹೇಳುತ್ತೆ ಸಾರ್ಜೆಂಟ್? ಬುರುಡೆ ನೀರು ಹೇಗಿತ್ತು?"

ಆಸ್ಪತ್ರೆಯ ಆ ಕಹಿ ಇನ್ನೂ ನನ್ನ ಬಾಯಲ್ಲೇ ಇತ್ತು. ನಿಜ ಹೇಳಿದರೆ ನೆಸ್ಟಾ ನೇಣಿಗೆ, ಹೇಳದಿದ್ದರೆ ಅವನು. ಅವಳನ್ನು ಉಳಿಸಲಿಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ಉಗುರುಗಳು ನನ್ನ ತೋಳಿಗೆ ನಾಟಿದವು.

"ಉಪ್ಪು ಸಾರ್," ಎಂದೆ. "ಬರೀ ಉಪ್ಪು."